ಬೀಜ ಸುರಿದರೆ ಕಾಫಿ: ಗ್ರೈಂಡರ್ ಸೇರಿಕೊಂಡ ಯಂತ್ರ ಕೊಳ್ಳುವವರ ಪ್ರಶ್ನೆಗಳು

ಹುರಿದ ಬೀಜವನ್ನು ಮೇಲೆ ಸುರಿದು ಗುಂಡಿ ಒತ್ತಿದರೆ, ತಾನೇ ಬೀಸಿ ತಾನೇ ಕಾಫಿ ಇಳಿಸುವ ಯಂತ್ರಗಳ ಬಗ್ಗೆ ಈ ಸಲ ಶಿರಸಿಯಿಂದ ಭಟ್ಕಳದವರೆಗೆ ಪತ್ರಗಳು ಬಂದಿವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆಯಲ್ಲಿ ಆರು ಜನ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಎಲ್ಲರಿಗೂ ಬೇಕು. ಇಷ್ಟು ವರ್ಷ ಹಿತ್ತಾಳೆ ಫಿಲ್ಟರಿನಲ್ಲೇ ನಡೆದಿದೆ. ಬೆಂಗಳೂರಿನಲ್ಲಿರುವ ಮಗ ಗ್ರೈಂಡರ್ ಇರುವ ಯಂತ್ರ ಕೊಡಿಸುತ್ತೇನೆ ಎನ್ನುತ್ತಿದ್ದಾನೆ. ಅದರಲ್ಲಿ ನಮ್ಮ ಡಿಕಾಕ್ಷನ್ ಬರುತ್ತದೆಯೇ? ಯಾವುದನ್ನು ಕೊಳ್ಳಬೇಕು?
(ಶಿರಸಿ)

ಉತ್ತರ: ಡಿಕಾಕ್ಷನ್ ಬರುವುದಿಲ್ಲ. ಬರುವುದು ಬೇರೆಯದೇ ಒಂದು ಕಾಫಿ. ಅದೂ ಚೆನ್ನಾಗಿರುತ್ತದೆ, ಆದರೆ ಫಿಲ್ಟರ್ ಕಾಫಿಯ ರುಚಿಯನ್ನೇ ನಾಲಿಗೆಯಲ್ಲಿಟ್ಟುಕೊಂಡು ಕುಡಿದರೆ ಮೊದಲ ವಾರವೇ ಬೇಸರವಾಗುತ್ತದೆ. ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರಕ್ಕೆ ತಾನೇ 15–20 ನಿಮಿಷ ತೊಟ್ಟಿಕ್ಕುತ್ತದೆ. ಯಂತ್ರದಲ್ಲಿ ಪಂಪು ನೀರನ್ನು ಒತ್ತಿ ಅರ್ಧ ನಿಮಿಷದಲ್ಲಿ ಹಾಯಿಸಿಬಿಡುತ್ತದೆ. ಜೊತೆಗೆ ನಮ್ಮ ಪುಡಿಯಲ್ಲಿ ಚಿಕೋರಿ ಇರುತ್ತದೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಶೇ. 49ರವರೆಗೂ ಇರಬಹುದು, ಪೊಟ್ಟಣದ ಮೇಲೆ ಎಷ್ಟೆಂದು ಬರೆದಿರಬೇಕು. ಡಿಕಾಕ್ಷನ್ನಿನ ಆ ಮಂದ, ಆ ಕಪ್ಪು ಬಹುಮಟ್ಟಿಗೆ ಚಿಕೋರಿಯದೇ. ಅದನ್ನು ಬೀಜದ ಡಬ್ಬಿಗೆ ಹಾಕುವಂತಿಲ್ಲ. ತೇವ ಎಳೆದುಕೊಂಡು ಬೆಲ್ಲದಂತೆ ಅಂಟಾಗಿ ಬೀಸುವ ಹಲ್ಲುಗಳನ್ನು ಕಚ್ಚಿಕೊಳ್ಳುತ್ತದೆ. ಕೆಲವು ಯಂತ್ರಗಳಲ್ಲಿ ಪುಡಿ ಹಾಕಲು ಬೇರೆ ಕಿಂಡಿ ಇರುತ್ತದೆ. ಅದು ಒಂದು ಚಮಚ ಶುದ್ಧ ಕಾಫಿಪುಡಿಗೆ ಮಾತ್ರ. ಚಿಕೋರಿ ಬೆರೆತ ಪುಡಿ ಒಳಗೆ ಉಬ್ಬಿ ನೀರು ಹಾಯದಂತೆ ಮಾಡುತ್ತದೆ.

ಯಂತ್ರದ ಕಾಫಿಗೂ ಚಿಕೋರಿಯ ರುಚಿ ಬೇಕೇ ಬೇಕು ಎನ್ನುವವರು ಹೀಗೆ ಮಾಡಬಹುದು: 2 ಚಹಾ ಚಮಚ ಚಿಕೋರಿ ಪುಡಿಗೆ 100 ಮಿಲಿ ಕುದಿನೀರು ಸುರಿದು 5 ನಿಮಿಷ ಮುಚ್ಚಿಡಿ, ಬಟ್ಟೆಯಲ್ಲಿ ಸೋಸಿ. ಚಿಕೋರಿಯ ಬಹುಪಾಲು ನೀರಿನಲ್ಲಿ ಕರಗುವುದರಿಂದ ದಪ್ಪ ಕಷಾಯ ಸಿಗುತ್ತದೆ. ಯಂತ್ರದಿಂದ ಇಳಿಸಿದ 40 ಮಿಲಿ ಗಟ್ಟಿ ಕಾಫಿಗೆ ಇದರ ಒಂದೆರಡು ಚಮಚ, ಒಲೆಯ ಮೇಲೆ ಕಾಯಿಸಿದ 80 ಮಿಲಿ ಹಾಲು. ಫಿಲ್ಟರ್ ಕಾಫಿಗೆ ಹತ್ತಿರ ಬರಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಇನ್ನು ಯಾವುದನ್ನು ಕೊಳ್ಳಬೇಕೆಂಬುದು. ಅಂಗಡಿಯಲ್ಲಿ 'ಗ್ರೈಂಡರ್ ಇರುವ ಕಾಫಿ ಮೇಕರ್' ಎಂದರೆ ಮೂರು ಬೇರೆ ಬೇರೆ ಸಾಮಾನುಗಳನ್ನು ತೋರಿಸುತ್ತಾರೆ. ಮೊದಲನೆಯದು ಡ್ರಿಪ್ ಯಂತ್ರ: ಬೀಜ ಬೀಸಿ, ಜಾಲರಿಯ ಮೇಲೆ ಬಿಸಿನೀರು ಹನಿಸಿ ಗಾಜಿನ ಜಗ್ಗಿಗೆ ಕಾಫಿ ಇಳಿಸುತ್ತದೆ. ಲೀಟರಿಗೆ ಸುಮಾರು 60 ಗ್ರಾಂ ಪುಡಿಯ ಲೆಕ್ಕ. ಹಾಲಿಲ್ಲದೆ ದೊಡ್ಡ ಮಗ್ಗಿನಲ್ಲಿ ಕುಡಿಯುವವರಿಗೆ ಸರಿ. ಹಾಲು ಬೆರೆಸಿದರೆ ತೆಳ್ಳಗೆ ನೀರು. ಎರಡನೆಯದು ಪೂರ್ತಿ ಸ್ವಯಂಚಾಲಿತ: ಬೀಸುವುದು, ಒತ್ತುವುದು, ಇಳಿಸುವುದು, ಚರಟವನ್ನು ಬಿಲ್ಲೆ ಮಾಡಿ ಒಳಗಿನ ಡಬ್ಬಿಗೆ ಬೀಳಿಸುವುದು ಎಲ್ಲವೂ ಒಳಗೇ. ಮೂರನೆಯದರಲ್ಲಿ ಗ್ರೈಂಡರ್ ಒಂದೇ ಮೈಯಲ್ಲಿದ್ದರೂ ಪುಡಿಯನ್ನು ಹಿಡಿಕೆಯ ಬಟ್ಟಲಿಗೆ ನೀವೇ ತುಂಬಿ, ಒತ್ತಿ, ಯಂತ್ರಕ್ಕೆ ಸಿಕ್ಕಿಸಬೇಕು. 18 ಗ್ರಾಂ ಪುಡಿಯಿಂದ 25–30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಯುವಂತೆ ಬೀಸುವ ಅಳತೆಯನ್ನು ಕೂಡಿಸಿಕೊಳ್ಳುವುದು ಕಲಿತು ಮಾಡುವ ಕೆಲಸ. ಆಸಕ್ತಿ ಇದ್ದವರಿಗೆ ಮೂರರಲ್ಲಿ ಒಳ್ಳೆಯ ಕಾಫಿ ಕೊಡುವುದು ಇದೇ. ಬೆಳಿಗ್ಗೆ ಆರು ಜನರಿಗೆ ಒಟ್ಟಿಗೆ ಕೊಡಬೇಕಾದವರಿಗೆ ಇದು ಶಿಕ್ಷೆ.

ನಿಮ್ಮ ಮನೆಯ ಲೆಕ್ಕ ನೋಡೋಣ. ಸ್ವಯಂಚಾಲಿತ ಯಂತ್ರ ಒಂದು ಕಪ್ಪಿಗೆ 7ರಿಂದ 11 ಗ್ರಾಂ ಬೀಜ ಬೀಸುತ್ತದೆ, ಬೀಸಿ ಇಳಿಸಲು ಹೆಚ್ಚುಕಡಿಮೆ ಒಂದು ನಿಮಿಷ. ಗಟ್ಟಿ ಕಾಫಿ ಬೇಕೆಂದರೆ ಒಂದೊಂದೇ ಇಳಿಸಬೇಕು. ಆರನೆಯ ಲೋಟ ತುಂಬುವ ಹೊತ್ತಿಗೆ ಮೊದಲನೆಯದು ಆರಿರುತ್ತದೆ. ಅದೇ ಫಿಲ್ಟರಿನಲ್ಲಿ 50 ಗ್ರಾಂ ಪುಡಿಗೆ 300 ಮಿಲಿ ಕುದಿನೀರು ಹಾಕಿದರೆ, ಚರಟ ಸುಮಾರು 100 ಮಿಲಿ ಹಿಡಿದಿಟ್ಟುಕೊಂಡು 200 ಮಿಲಿ ಡಿಕಾಕ್ಷನ್ ಬಿಡುತ್ತದೆ: ಆರು ಲೋಟಕ್ಕೆ ತಲಾ 30–35 ಮಿಲಿ, ಎಲ್ಲರಿಗೂ ಒಂದೇ ಸಲ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎದ್ದು ಕುಡಿಯುವ ಮನೆಗೆ ಸ್ವಯಂಚಾಲಿತ ಯಂತ್ರ ಹೇಳಿಮಾಡಿಸಿದ್ದು. ಎಲ್ಲರೂ ಒಟ್ಟಿಗೆ ಕುಡಿಯುವ ನಿಮ್ಮ ಮನೆಗೆ ಅಲ್ಲ. ಮಗನಿಗೆ ಹೇಳಿ ಒಂದು ಒಳ್ಳೆಯ ಬರ್ ಗ್ರೈಂಡರನ್ನು (ಬೀಸುಕಲ್ಲಿನಂತೆ ಎರಡು ಹಲ್ಲುಭಾಗಗಳ ನಡುವೆ ಬೀಸುವಂಥದ್ದು) ಮಾತ್ರ ತರಿಸಿಕೊಳ್ಳಿ. ಬೀಜವನ್ನು ಆಗಿಂದಾಗ ಬೀಸಿ, ಬೇಕಾದಷ್ಟು ಚಿಕೋರಿ ಬೆರೆಸಿ, ಅದೇ ಹಿತ್ತಾಳೆ ಫಿಲ್ಟರಿಗೆ ಹಾಕಿ. ರುಚಿಯಲ್ಲಿ ಏರಿಕೆ ತರುವುದು ಹೊಸದಾಗಿ ಬೀಸಿದ ಬೀಜ. ಅದಕ್ಕೆ ಇಡೀ ಯಂತ್ರ ಬೇಕಾಗಿಲ್ಲ.

ಪ್ರಶ್ನೆ: 15 ಬಾರ್, 12 ಹಂತದ ಗ್ರೈಂಡರ್, ಸೆರಾಮಿಕ್ ಬರ್ ಎಂದೆಲ್ಲ ಜಾಹೀರಾತಿನಲ್ಲಿ ಇರುತ್ತದೆ. ಇವುಗಳಲ್ಲಿ ನೋಡಬೇಕಾದ್ದು ಯಾವುದು?
(ಕುಮಟಾ)

ಉತ್ತರ: ಬಾರ್ ಲೆಕ್ಕವನ್ನು ಮರೆತುಬಿಡಿ. ಬಾರ್ ಎಂದರೆ ಒತ್ತಡದ ಅಳತೆ, 15 ಎನ್ನುವುದು ಪಂಪು ಕೊಡಬಲ್ಲ ಗರಿಷ್ಠ ಒತ್ತಡ. ಎಸ್ಪ್ರೆಸೊ, ಅಂದರೆ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ, ಇಳಿಯಲು ಬೇಕಾದ್ದು ಸುಮಾರು 9. 20 ಎಂದು ಬರೆದ ಯಂತ್ರದ ಕಾಫಿ ಅದಕ್ಕಾಗಿ ಹೆಚ್ಚು ರುಚಿಯಾಗುವುದಿಲ್ಲ.

ನೋಡಬೇಕಾದ್ದು ಗ್ರೈಂಡರನ್ನು. ಮೊದಲ ಪ್ರಶ್ನೆ: ಅದು ಬ್ಲೇಡೋ, ಬರ್ರೋ? ಬ್ಲೇಡ್ ಎಂದರೆ ಮಿಕ್ಸಿ. ಸಿಕ್ಕಿದ್ದನ್ನು ಸಿಕ್ಕಂತೆ ಕತ್ತರಿಸುತ್ತದೆ, ಒಂದಿಷ್ಟು ರವೆ, ಒಂದಿಷ್ಟು ಹಿಟ್ಟು. ಹಿಟ್ಟಿನಿಂದ ಕಹಿ ಇಳಿಯುತ್ತದೆ, ರವೆಯಿಂದ ಏನೂ ಇಳಿಯುವುದಿಲ್ಲ. ಬರ್ ಎಂದರೆ ಬೀಸುಕಲ್ಲಿನ ತತ್ವ: ಹಲ್ಲಿರುವ ಎರಡು ಭಾಗಗಳ ನಡುವಿನ ಸಂದಿಯಷ್ಟೇ ಪುಡಿಯ ಗಾತ್ರ. ಅಗ್ಗದ ಡ್ರಿಪ್ ಯಂತ್ರಗಳಲ್ಲಿ ಈಗಲೂ ಬ್ಲೇಡ್ ಇರುತ್ತದೆ. ಪೆಟ್ಟಿಗೆಯ ಮೇಲೆ 'ಬರ್' ಎಂಬ ಪದ ಇಲ್ಲದಿದ್ದರೆ ಬ್ಲೇಡ್ ಎಂದೇ ತಿಳಿಯಿರಿ.

ಸೆರಾಮಿಕ್ ತುಕ್ಕು ಹಿಡಿಯುವುದಿಲ್ಲ, ಸಮುದ್ರದ ಬದಿಯವರಿಗೆ ಅದು ಗುಣವೇ. ಆದರೆ ಬೀಜದ ನಡುವೆ ಒಂದು ಹರಳು ಕಲ್ಲು ಸಿಕ್ಕರೆ ಚಕ್ಕೆ ಏಳುತ್ತದೆ. ಸ್ಟೀಲ್ ಆದರೆ ಹಲ್ಲು ಸ್ವಲ್ಪ ಮೊಂಡಾಗಿ ಉಳಿದುಕೊಳ್ಳುತ್ತದೆ. ಪೊಟ್ಟಣದ ಬೀಜವನ್ನೇ ಬಳಸುವವರಿಗೆ ಯಾವುದಾದರೂ ಸರಿ. ತೋಟದ ಬೀಜ ಬಳಸುವವರು ಸ್ಟೀಲ್ ಕೊಳ್ಳಿ.

ಹಂತಗಳ ಸಂಖ್ಯೆ ಸ್ವಯಂಚಾಲಿತ ಯಂತ್ರದಲ್ಲಿ ಅಷ್ಟೇನೂ ಮುಖ್ಯವಲ್ಲ. ಹೆಚ್ಚಿನವರು ಒಮ್ಮೆ ಕೂಡಿಸಿದ ಮೇಲೆ ಒಂದೆರಡು ಹಂತ ಮಾತ್ರ ಆಚೀಚೆ ಮಾಡುತ್ತಾರೆ. ಹಿಡಿಕೆಯ ಯಂತ್ರದಲ್ಲಿ ಮುಖ್ಯ: ಎರಡು ಹಂತಗಳ ನಡುವಿನ ಅಂತರ ದೊಡ್ಡದಾದರೆ ಒಂದರಲ್ಲಿ 18 ಸೆಕೆಂಡಿಗೆ ಸುರಿದುಹೋಗುತ್ತದೆ, ಮುಂದಿನದರಲ್ಲಿ 45 ಸೆಕೆಂಡಾದರೂ ಇಳಿಯುವುದಿಲ್ಲ. ಅಂಗಡಿಯಲ್ಲಿ ಮೇಲಿನ ಬರ್ ಬಿಚ್ಚಿ ತೋರಿಸಲು ಹೇಳಿ. ಬಿಚ್ಚಲು ಬಾರದ ಗ್ರೈಂಡರ್ ನಮ್ಮ ಜಿಲ್ಲೆಯ ಮಳೆಗಾಲಕ್ಕೆ ಆಗದು.

ಪ್ರಶ್ನೆ: ನಮ್ಮದು ಕಡಲ ದಂಡೆಗೆ ಹತ್ತಿರದ ಫ್ಲ್ಯಾಟು. ಮಳೆಗಾಲದಲ್ಲಿ ಚಪ್ಪಲಿ, ಚೀಲಕ್ಕೆಲ್ಲ ಬೂಷ್ಟು ಹಿಡಿಯುತ್ತದೆ. ಇಂಥ ಕಡೆ ಈ ಯಂತ್ರ ಬಾಳಿಕೆ ಬರುತ್ತದೆಯೇ? ಕೊಳ್ಳುವಾಗ ಏನು ನೋಡಲಿ?
(ಕಾರವಾರ)

ಉತ್ತರ: ಒಂದೇ ಒಂದು ಸಂಗತಿ ನೋಡುವುದಾದರೆ ಇದನ್ನು ನೋಡಿ: ಬ್ರೂ ಯೂನಿಟ್ ಹೊರಗೆ ಬರುತ್ತದೆಯೇ? ಪುಡಿಯನ್ನು ಒತ್ತಿ ಅದರ ಮೂಲಕ ನೀರು ಹಾಯಿಸುವ ಅಂಗೈಯಗಲದ ಪ್ಲಾಸ್ಟಿಕ್ ಭಾಗ ಅದು. ಡೆಲೊಂಗಿ, ಫಿಲಿಪ್ಸ್‌ನವರ ಪೂರ್ತಿ ಸ್ವಯಂಚಾಲಿತ ಯಂತ್ರಗಳಲ್ಲಿ ಬಾಗಿಲು ತೆರೆದು ಇದನ್ನು ಕೈಯಿಂದಲೇ ಎಳೆದು ತೆಗೆಯಬಹುದು. ಜೂರಾದಲ್ಲಿ ಅದು ಒಳಗೇ ಇರುತ್ತದೆ, ಶುದ್ಧಿಯ ಮಾತ್ರೆ ಹಾಕಿ ಯಂತ್ರದಿಂದಲೇ ತೊಳೆಸಬೇಕು. ಒಣ ಹವೆಯ ಊರಿಗೆ ಎರಡೂ ನಡೆದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಕಾರವಾರಕ್ಕೆ ಹೊರಬರುವಂಥದ್ದನ್ನೇ ಕೊಳ್ಳಿ.

ಏಕೆಂದು ತಿಳಿಯಬೇಕಾದರೆ ಆಗಸ್ಟ್‌ನಲ್ಲಿ ಹತ್ತು ದಿನ ಮುಟ್ಟದೆ ಬಿಟ್ಟ ಯಂತ್ರವನ್ನು ತೆರೆದು ನೋಡಬೇಕು. ಯೂನಿಟ್ಟಿನ ಜಾಲರಿಯ ಅಂಚಿನಲ್ಲಿ ಕಾಫಿಪುಡಿ ಕರಿ ಅಂಟಿನಂತೆ ಕೂತಿರುತ್ತದೆ. ಹಿಂದಿನ ಮೂಲೆಯಲ್ಲಿ, ಬೆರಳು ಹೋಗದ ಕಡೆ, ಹತ್ತಿಯಂಥ ಬಿಳಿ ಬೂಷ್ಟು. ಚರಟದ ಡಬ್ಬಿಯೊಳಗಿನ ಬಿಲ್ಲೆಗಳ ಮೇಲೆ ಹಸಿರು. ಒದ್ದೆ ಚರಟ, ಒಳಗಿನ ಬೆಚ್ಚನೆ, ಮುಚ್ಚಿದ ಬಾಗಿಲು: ಬೂಷ್ಟಿಗೆ ಬೇಕಾದ್ದೆಲ್ಲ ಅಲ್ಲಿದೆ. ಆದ್ದರಿಂದ ಮಳೆಗಾಲದಲ್ಲಿ ಚರಟದ ಡಬ್ಬಿ ಮತ್ತು ಕೆಳಗಿನ ನೀರಿನ ತಟ್ಟೆಯನ್ನು ದಿನವೂ ರಾತ್ರಿ ಚೆಲ್ಲಿ, ತೊಳೆದು, ಒರೆಸಿ, ಹೊರಗೇ ಇಡಿ. ಯೂನಿಟ್ಟನ್ನು ಬೇರೆ ಕಾಲದಲ್ಲಿ ವಾರಕ್ಕೊಮ್ಮೆ, ಮಳೆಗಾಲದಲ್ಲಿ ಎರಡು ಸಲ ನಲ್ಲಿಯ ಕೆಳಗೆ ತೊಳೆಯಿರಿ. ಸೋಪು ಬೇಡ, ಜಾರುವ ಭಾಗಗಳ ಗ್ರೀಸ್ ಹೋಗುತ್ತದೆ. ತೊಳೆದು ನೆರಳಲ್ಲಿ ಪೂರ್ತಿ ಒಣಗಿದ ಮೇಲೆಯೇ ಒಳಗಿಡಿ. ಎರಡು ತಿಂಗಳಿಗೊಮ್ಮೆ ರಬ್ಬರ್ ರಿಂಗಿಗೂ ಜಾರುವ ಕಂಬಿಗಳಿಗೂ ಆಹಾರ ದರ್ಜೆಯ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಹಚ್ಚಿ. ತೆಂಗಿನೆಣ್ಣೆ ಹಚ್ಚಬೇಡಿ, ಅದು ಹಳಸಿ ಅಂಟಾಗುತ್ತದೆ.

ಬೀಜದ ಡಬ್ಬಿ ಇನ್ನೊಂದು ತಲೆನೋವು. ಪಶ್ಚಿಮ ಕರಾವಳಿಯ ಇದೇ ಮಳೆಗಾಳಿಗೆ ಹಸಿ ಕಾಫಿ ಬೀಜವನ್ನು ವಾರಗಟ್ಟಲೆ ಒಡ್ಡಿ 'ಮಾನ್ಸೂನ್ಡ್ ಮಲಬಾರ್' ಮಾಡುತ್ತಾರೆ. ಬೀಜ ಉಬ್ಬಿ, ಬಣ್ಣ ಬಿಳಚಿ, ಹುಳಿ ಕಳೆದುಕೊಳ್ಳುತ್ತದೆ. ಹಸಿ ಬೀಜವನ್ನೇ ಅಷ್ಟು ಬದಲಿಸುವ ಗಾಳಿ ಹುರಿದ ಬೀಜವನ್ನು ಬಿಟ್ಟೀತೇ? ಎರಡು ದಿನದಲ್ಲಿ ಗರಿಗರಿ ಹೋಗಿ ಮೆತ್ತಗಾಗುತ್ತದೆ, ಬೀಸಿದ ಪುಡಿ ಉದುರದೆ ಉಂಡೆ ಕಟ್ಟಿ ಕೊಳವೆಯಲ್ಲಿ ನಿಲ್ಲುತ್ತದೆ. ಡಬ್ಬಿಯಲ್ಲಿ 250 ಗ್ರಾಂ ಹಿಡಿಯುತ್ತದೆಂದು ತುಂಬಿಡಬೇಡಿ. ಆ ದಿನಕ್ಕೆ ಬೇಕಾದ 30–40 ಗ್ರಾಂ ಮಾತ್ರ ಹಾಕಿ. ಉಳಿದದ್ದು ರಬ್ಬರ್ ಅಂಚಿನ ಬಿಗಿ ಡಬ್ಬಿಯಲ್ಲಿರಲಿ. ಫ್ರಿಜ್ಜಿನಲ್ಲಿಟ್ಟು ದಿನಾ ತೆಗೆದು ಹಾಕಿದರೆ ತಣ್ಣನೆಯ ಬೀಜದ ಮೇಲೆ ನೀರು ಹನಿಗಟ್ಟಿ ಇನ್ನೂ ಕೆಡುತ್ತದೆ. ಡಬ್ಬಿಯ ಮುಚ್ಚಳದಲ್ಲಿ ರಬ್ಬರ್ ಸುತ್ತು ಇರುವ ಯಂತ್ರ ಸಿಕ್ಕರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಗ್ರೈಂಡರ್ ಇರುವ ಡ್ರಿಪ್ ಯಂತ್ರವನ್ನಂತೂ ಕರಾವಳಿಯವರಿಗೆ ನಾವು ಹೇಳುವುದಿಲ್ಲ. ಕೆಳಗೆ ಇಳಿಯುವ ಬಿಸಿನೀರಿನ ಹಬೆ ಮೇಲಿನ ಪುಡಿಯ ಕೊಳವೆಗೇ ಏರುತ್ತದೆ. ಅಲ್ಲಿ ಉಳಿದ ಪುಡಿ ಕೆಸರಾಗಿ ಒಣಗಿ ಗಾರೆಯಂತೆ ಗಟ್ಟಿಯಾಗುತ್ತದೆ. ಪ್ರತಿ ಸಲ ಕೊಳವೆ ತೊಳೆದು ಒಣಗಿಸದಿದ್ದರೆ ಮರುದಿನ ಪುಡಿ ಜಾಲರಿಗೆ ಬೀಳುವುದೇ ಇಲ್ಲ. ಬೆಳಗಿನ ಗಡಿಬಿಡಿಯಲ್ಲಿ ಅದನ್ನು ಯಾರು ಮಾಡುತ್ತಾರೆ?

ಉಪ್ಪುಗಾಳಿ ಬೀಸುವ ಕಿಟಕಿಯ ಪಕ್ಕ ಇಡಬೇಡಿ. ತಿರುಪು ಮತ್ತು ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಉಪ್ಪು ತುಕ್ಕು ತರುತ್ತದೆ. ಪೂರ್ತಿ ಆರಿದ ಮೇಲೆ ಬಟ್ಟೆಯ ಹೊದಿಕೆ ಹಾಕಿ, ಪ್ಲಾಸ್ಟಿಕ್ ಬೇಡ. ಬೆಚ್ಚಗಿನ ಜಾಗ ಹುಡುಕುವ ಜಿರಳೆಗೆ ಯಂತ್ರದ ಹಿಂಬದಿಯ ಗಾಳಿಕಿಂಡಿ ಅಚ್ಚುಮೆಚ್ಚು, ಆದ್ದರಿಂದ ಸುತ್ತಲೂ ಸಕ್ಕರೆ, ಹಾಲಿನ ಕಲೆ ಉಳಿಯದಂತೆ ನೋಡಿಕೊಳ್ಳಿ. ಹಣ ಕೊಡುವ ಮೊದಲು ನಿಮ್ಮ ಪಿನ್ ಕೋಡ್ ಹೇಳಿ, ರಿಪೇರಿಯವರು ಮನೆಗೆ ಬರುತ್ತಾರೋ, ಯಂತ್ರವನ್ನು ಹುಬ್ಬಳ್ಳಿಗೋ ಗೋವಾಕ್ಕೋ ಒಯ್ಯಬೇಕೋ ಕೇಳಿಕೊಳ್ಳಿ. ಒಯ್ಯಬೇಕೆಂದರೆ ಪೆಟ್ಟಿಗೆ, ಥರ್ಮೋಕೋಲನ್ನು ಅಟ್ಟದ ಮೇಲೆ ಹಾಗೇ ಇಟ್ಟಿರಿ.

ಪ್ರಶ್ನೆ: ನನ್ನ ಯಜಮಾನರು ದುಬೈಯಿಂದ ಬರುವಾಗ ಯಂತ್ರ ತರುವವರಿದ್ದಾರೆ. ಅಮೆರಿಕದಲ್ಲಿರುವ ಮೈದುನ ಅಲ್ಲಿ ಅಗ್ಗ ಎನ್ನುತ್ತಾರೆ. ಯಾವ ಕಡೆಯದು ಇಲ್ಲಿ ನಡೆಯುತ್ತದೆ?
(ಭಟ್ಕಳ)

ಉತ್ತರ: ದುಬೈಯದು ನಡೆಯುತ್ತದೆ. ಅಲ್ಲಿಯೂ ಇಲ್ಲಿಯಂತೆ 230 ವೋಲ್ಟ್, 50 ಹರ್ಟ್ಜ್. ಪ್ಲಗ್ ಮಾತ್ರ ಚೌಕ ಪಿನ್ನಿನದು. ಅದಕ್ಕೆ ರಸ್ತೆ ಬದಿಯ ಸಡಿಲ ಅಡಾಪ್ಟರ್ ಸಿಕ್ಕಿಸಿದರೆ ಬಿಸಿಯಾಗಿ ಕರಗುತ್ತದೆ. 16 ಆಂಪಿಯರಿನ ಗಟ್ಟಿ ಅಡಾಪ್ಟರ್ ಕೊಳ್ಳಿ, ಇಲ್ಲವೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಪ್ಲಗ್ಗನ್ನೇ ಬದಲಿಸಿ. ಸೌದಿಯಿಂದ ತರುವುದಾದರೆ ತಳದ ಚೀಟಿ ನೋಡಿ. ಅಲ್ಲಿ 60 ಹರ್ಟ್ಜ್ ಇರುವುದರಿಂದ ಚೀಟಿಯಲ್ಲಿ '220-240 ವೋಲ್ಟ್, 50/60 ಹರ್ಟ್ಜ್' ಎಂದು ಎರಡೂ ಇರಬೇಕು.

ಅಮೆರಿಕದ್ದು ಬೇಡವೇ ಬೇಡ. ಅದು 120 ವೋಲ್ಟಿನದು. ನೇರ ಸಿಕ್ಕಿಸಿದರೆ ಕ್ಷಣದಲ್ಲಿ ಸುಡುತ್ತದೆ. 1,500 ವ್ಯಾಟಿನ ಯಂತ್ರಕ್ಕೆ ಕನಿಷ್ಠ 2,000 ವಿಎ ಟ್ರಾನ್ಸ್‌ಫಾರ್ಮರ್ ಬೇಕು. ಅಡುಗೆ ಕಟ್ಟೆಯ ಮೇಲೆ ಕಬ್ಬಿಣದ ಇನ್ನೊಂದು ಗಡ್ಡೆ. ಅದನ್ನಿಟ್ಟರೂ ಹರ್ಟ್ಜ್ ಬದಲಾಗುವುದಿಲ್ಲ: ಒಳಗಿನ ಕಂಪಿಸುವ ಪಂಪು ಸೆಕೆಂಡಿಗೆ 60ರ ಬದಲು 50 ಸಲ ಬಡಿಯುತ್ತದೆ, ನೀರು ಕಡಿಮೆ ಬರುತ್ತದೆ. ಎಲ್ಲಿಂದಲೇ ತನ್ನಿ, ಹೊರದೇಶದಲ್ಲಿ ಕೊಂಡ ಯಂತ್ರಕ್ಕೆ ಇಲ್ಲಿ ವಾರಂಟಿ ಇದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.

ಪ್ರಶ್ನೆ: ಅಡಿಕೆ ತೋಟದ ನಡುವೆ ರೊಬಸ್ಟಾ ಹಾಕಿದ್ದೇವೆ. ಮನೆಯಲ್ಲೇ ಬಾಣಲೆಯಲ್ಲಿ ಹುರಿಯುತ್ತೇವೆ. ಆ ಬೀಜವನ್ನು ಯಂತ್ರಕ್ಕೆ ಹಾಕಬಹುದೇ?
(ಸಿದ್ದಾಪುರ)

ಉತ್ತರ: ಹಾಕಬಹುದು, ಮೂರು ಎಚ್ಚರಿಕೆಯೊಂದಿಗೆ. ದೊಡ್ಡ ಅಪಾಯ ಕಲ್ಲಿನದು. ಅಂಗಳದಲ್ಲಿ ಒಣಗಿಸಿದ ಹಣ್ಣಿನ ಜೊತೆ ಹರಳು ಬಂದೇ ಬರುತ್ತದೆ, ಸಿಪ್ಪೆ ಬಿಡಿಸಿದ ಮೇಲೂ ಉಳಿಯುತ್ತದೆ. ಹುರಿಯುವ ಮೊದಲು ಮೊರದಲ್ಲಿ ಕೇರಿ, ಬಿಳಿ ತಟ್ಟೆಯಲ್ಲಿ ಹರಡಿ ಆರಿಸಿ. ಹುರಿದ ಮೇಲೆ ಇನ್ನೊಮ್ಮೆ ಆರಿಸಿ. ಬೀಜ ಕಪ್ಪಾದಾಗ ಜಂಬಿಟ್ಟಿಗೆಯ ಕೆಂಪು ಹರಳು ಚೆನ್ನಾಗಿ ಕಾಣುತ್ತದೆ.

ಎರಡನೆಯದು ಹುರಿಯುವ ಹದ. ಬಾಣಲೆಯಲ್ಲಿ ಒಂದು ಬೀಜ ಸೀದಿರುತ್ತದೆ, ಪಕ್ಕದ್ದು ಅರೆಬೆಂದಿರುತ್ತದೆ. ಅರೆಬೆಂದ ಬೀಜ ಕಲ್ಲಿನಷ್ಟೇ ಗಟ್ಟಿ, ಗ್ರೈಂಡರ್ ಗಕ್ಕನೆ ನಿಲ್ಲುವುದು ಅದರಿಂದಲೇ. ಹಲ್ಲಿನಲ್ಲಿ ಕಚ್ಚಿದರೆ ಪುಟಕ್ಕನೆ ಮುರಿಯದ ಬೀಜವನ್ನು ಯಂತ್ರಕ್ಕೆ ಹಾಕಬೇಡಿ. ಅತಿ ಕಪ್ಪಾಗಿ ಎಣ್ಣೆ ಹೊಳೆಯುವ ಬೀಜವೂ ಆಗದು, ಡಬ್ಬಿಯ ಗೋಡೆಗೆ ಅಂಟಿ ಕೆಳಗಿಳಿಯುವುದಿಲ್ಲ. ತಕ್ಕಡಿ ಇದ್ದರೆ ಹದ ಸುಲಭ: ಸರಿಯಾಗಿ ಒಣಗಿದ 500 ಗ್ರಾಂ ಹಸಿ ಬೀಜ ಹುರಿದ ಮೇಲೆ 420–430 ಗ್ರಾಂ ಆದರೆ ಮಧ್ಯಮ ಹದ. 400ಕ್ಕೆ ಇಳಿದರೆ ಎಣ್ಣೆ ಬಿಡುವ ಹಂತ. ಹುರಿಯುವಾಗ ತುಪ್ಪವನ್ನೋ ಸಕ್ಕರೆಯನ್ನೋ ಹಾಕುವ ರೂಢಿಯಿದ್ದರೆ ಯಂತ್ರಕ್ಕಾಗಿ ಹುರಿಯುವಾಗ ಬಿಡಿ.

ಮೂರನೆಯದು ತಾಳ್ಮೆ. ಹುರಿದ ಬೀಜದೊಳಗೆ ಇಂಗಾಲದ ಅನಿಲ ತುಂಬಿರುತ್ತದೆ. ಅಂದೇ ಬೀಸಿ ಇಳಿಸಿದರೆ ಬರೀ ನೊರೆ. 5ರಿಂದ 7 ದಿನ ಬಿಟ್ಟು ಬಳಸಿ.

ರುಚಿಯ ಬಗ್ಗೆ ಅಳುಕು ಬೇಡ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು, ಕಹಿ ಹೆಚ್ಚು, ಆದರೆ ಒತ್ತಡದಲ್ಲಿ ಇಳಿಸಿದಾಗ ದಪ್ಪ ನೊರೆ ಕೊಡುತ್ತದೆ ಮತ್ತು ಹಾಲಿನ ಜೊತೆ ಸೋಲುವುದಿಲ್ಲ. ಚಿಕ್ಕಮಗಳೂರಿನ ಅರೇಬಿಕಾ 700 ಗ್ರಾಂಗೆ ನಿಮ್ಮದು 300 ಗ್ರಾಂ ಬೆರೆಸಿ ನೋಡಿ. ತೋಟದ್ದು ಚೆನ್ನಾಗಿದ್ದರೆ ಅರ್ಧಕ್ಕರ್ಧಕ್ಕೂ ಹೋಗಬಹುದು.

ಪ್ರಶ್ನೆ: ಏಪ್ರಿಲ್–ಮೇಯಲ್ಲಿ ನಮ್ಮ ಬಾವಿ ನೀರು ಉಪ್ಪಾಗುತ್ತದೆ. ಕಾಯಿಸಿ ಸೋಸಿ ಹಾಕಿದರೆ ಸಾಕೇ? ಆರ್‌ಒ ನೀರು ಒಳ್ಳೆಯದೇ?
(ಅಂಕೋಲಾ)

ಉತ್ತರ: ಕಾಯಿಸಿದರೆ ಉಪ್ಪು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಹೆಚ್ಚುತ್ತದೆ. ಯಂತ್ರದ ಜೊತೆ ಕೊಡುವ ಸಣ್ಣ ಫಿಲ್ಟರ್ ಗಡಸುತನ ತಗ್ಗಿಸುತ್ತದೆಯೇ ಹೊರತು ಉಪ್ಪನ್ನಲ್ಲ. ಉಪ್ಪಿನ ಕ್ಲೋರೈಡ್ ಬಿಸಿಯಲ್ಲಿ ಸ್ಟೇನ್‌ಲೆಸ್ ಸ್ಟೀಲನ್ನೂ ಕೊರೆಯುತ್ತದೆ. ಆ ಎರಡು ತಿಂಗಳು ಆರ್‌ಒ ನೀರೇ ಗತಿ, ಅಥವಾ ಸಿಹಿನೀರಿನ ಬಾವಿಯಿಂದ ದಿನಕ್ಕೆ ಎರಡು ಲೀಟರ್ ತಂದುಕೊಳ್ಳಿ. ಇಲ್ಲೊಂದು ಸೂಕ್ಷ್ಮವಿದೆ: ಮನೆಯ ಎಷ್ಟೋ ಆರ್‌ಒಗಳಲ್ಲಿ ರುಚಿಗೆಂದು ಒಂದಿಷ್ಟು ಮೂಲ ನೀರನ್ನು ಮರಳಿ ಬೆರೆಸುವ ತಿರುಪು ಇರುತ್ತದೆ. ಮೂಲವೇ ಉಪ್ಪಾಗಿರುವಾಗ ಅದು ಉಪ್ಪನ್ನೇ ಬೆರೆಸುತ್ತದೆ. ಬೇಸಿಗೆಯಲ್ಲಿ ಅದನ್ನು ಮುಚ್ಚಿಸಿ. ಕಾಫಿಗೆ ಒಪ್ಪುವ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) 150ರ ಆಸುಪಾಸು, 75ರಿಂದ 250ರೊಳಗೆ. ಅದಕ್ಕಿಂತ ತೀರ ಕಡಿಮೆಯಾದರೆ ಕಾಫಿ ಸಪ್ಪೆ.

ಘಟ್ಟದ ಮೇಲಿನವರಿಗೆ ಒಂದು ಮಾತು. ಜಂಬಿಟ್ಟಿಗೆ ಮಣ್ಣಿನ ಬಾವಿ ನೀರು ಸಾಮಾನ್ಯವಾಗಿ ಮೆದು, ಸುಣ್ಣ ಕಟ್ಟುವುದು ನಿಧಾನ. ಯಂತ್ರಕ್ಕೆ ಅದು ಗೊತ್ತಿರುವುದಿಲ್ಲ. ಎಷ್ಟು ನೀರು ಹಾದಿದೆ ಎಂದಷ್ಟೇ ಎಣಿಸಿ 'ಸುಣ್ಣ ತೆಗೆಯಿರಿ' ಎಂದು ದೀಪ ಹಚ್ಚುತ್ತದೆ. ಜೊತೆಗೆ ಬಂದ ಕಾಗದದ ಪಟ್ಟಿಯನ್ನು ನೀರಲ್ಲಿ ಅದ್ದಿ, ಬಂದ ಬಣ್ಣದಂತೆ ಗಡಸುತನದ ಅಂಕಿಯನ್ನು ಮೊದಲ ದಿನವೇ ಕೂಡಿಸಿ. ದೀಪ ಹತ್ತಿದಾಗ ತಯಾರಕರ ದ್ರಾವಣವನ್ನೇ ಬಳಸಿ. ವಿನೆಗರ್ ರಬ್ಬರನ್ನು ಹಾಳುಮಾಡುತ್ತದೆ, ವಾಸನೆಯೂ ವಾರಗಟ್ಟಲೆ ಹೋಗುವುದಿಲ್ಲ. ನೀರು ಕೆಂಪಗೆ ಬರುವ ಬಾವಿಯಾದರೆ ಸೋಸದೆ ಟ್ಯಾಂಕಿಗೆ ಹಾಕಲೇಬೇಡಿ.

ಪ್ರಶ್ನೆ: ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಇನ್ವರ್ಟರಿನಲ್ಲಿ ಯಂತ್ರ ನಡೆಯುತ್ತದೆಯೇ? ಅರ್ಧಕ್ಕೆ ಹೋದರೆ ಹಾಳಾಗುತ್ತದೆಯೇ?
(ಯಲ್ಲಾಪುರ)

ಉತ್ತರ: ನಡೆಯುವುದಿಲ್ಲ. ಮನೆಯ 850–900 ವಿಎ ಇನ್ವರ್ಟರ್ ಕೊಡುವುದು ಸುಮಾರು 700 ವ್ಯಾಟ್, ಯಂತ್ರದ ಹೀಟರ್ ಕೇಳುವುದು 1,450 ಅಥವಾ ಹೆಚ್ಚು. 6 ಆಂಪಿಯರಿನ ಸಣ್ಣ ಸಾಕೆಟ್ಟೂ ಸಾಲದು. ಅರ್ಥಿಂಗ್ ಇರುವ 16 ಆಂಪಿಯರಿನದೇ ಬೇಕು. ಅರ್ಧಕ್ಕೆ ಕರೆಂಟು ಹೋದರೆ ಬ್ರೂ ಯೂನಿಟ್ ನಡುದಾರಿಯಲ್ಲಿ ನಿಂತಿರುತ್ತದೆ. ಬಾಗಿಲು ತೆಗೆದು ಎಳೆಯಬೇಡಿ, ಕೊಂಡಿ ಮುರಿಯುತ್ತದೆ. ಕರೆಂಟು ಬಂದಮೇಲೆ ಯಂತ್ರ ತಾನೇ ಅದನ್ನು ಮೂಲ ಜಾಗಕ್ಕೆ ತರುತ್ತದೆ, ಆಮೇಲೆ ಆಫ್ ಮಾಡಿ ತೆಗೆದು ತೊಳೆಯಿರಿ. ವೋಲ್ಟೇಜ್ 180ಕ್ಕೆ ಇಳಿದರೆ ಹೀಟರಿನ ಶಕ್ತಿ 61 ಶೇಕಡಕ್ಕೆ ಇಳಿಯುತ್ತದೆ, ಕಾಯಲು ಹೆಚ್ಚು ಹೊತ್ತು. ಪದೇ ಪದೇ ಹಾಗಾಗುವ ಕಡೆ 2 ಕೆವಿಎ ಸ್ಟೆಬಿಲೈಸರ್ ಹಾಕಿಸಿ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ.

ಪ್ರಶ್ನೆ: ಹಾಲಿನ ಜಗ್ಗು ಇರುವ ಯಂತ್ರವೋ, ಹಬೆಯ ಕೊಳವೆ ಇರುವುದೋ?
(ಕಾರವಾರ)

ಉತ್ತರ: ಹಬೆಯ ಕೊಳವೆ. ನಮ್ಮಲ್ಲಿ ಹಾಲನ್ನು ಕಾಯಿಸಿ ಆರಿಸಿ ಬಳಸುತ್ತೇವೆ. ಅದರ ಕೆನೆಯ ಚೂರು ಜಗ್ಗಿನ ಸಣ್ಣ ನಳಿಕೆಯಲ್ಲಿ ಸಿಕ್ಕಿಬಿದ್ದರೆ ಅರ್ಧ ದಿನದಲ್ಲಿ ಹುಳಿ ವಾಸನೆ. ಜಗ್ಗಿನದನ್ನೇ ಕೊಂಡರೆ ಹಾಲನ್ನು ಸೋಸಿ ಹಾಕಿ, ದಿನವೂ ಬಿಚ್ಚಿ ತೊಳೆಯಿರಿ. ಕೊಳವೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದು ಕ್ಷಣ ಹಬೆ ಬಿಟ್ಟರೆ ಮುಗಿಯಿತು. ನೊರೆಗೆ ಶೇ. 3 ಕೊಬ್ಬಿನ ಟೋನ್ಡ್ ಹಾಲೂ ಸಾಕು, ರುಚಿಗೆ ಶೇ. 6ರ ಪೂರ್ಣ ಕೆನೆ ಹಾಲು ಮೇಲು. 60–65 ಡಿಗ್ರಿಗೆ ನಿಲ್ಲಿಸಿದರೆ ನೊರೆ ನಯವಾಗಿರುತ್ತದೆ. ಸುಡುಸುಡು ಕಾಫಿಯೇ ಬೇಕೆಂದರೆ ನೊರೆಯ ಆಸೆ ಬಿಟ್ಟು ಹಾಲನ್ನು ಒಲೆಯ ಮೇಲೆ ಕಾಯಿಸಿ.

ಪ್ರಶ್ನೆ: ಎಂಟು ತಿಂಗಳ ಹಿಂದೆ ಕೊಂಡ ಪೂರ್ತಿ ಸ್ವಯಂಚಾಲಿತ ಯಂತ್ರ. ಡಬ್ಬಿಯಲ್ಲಿ ಬೀಜ ಇದ್ದರೂ 'ಬೀಜ ತುಂಬಿ' ಎನ್ನುತ್ತದೆ. ಕಾಫಿ ನೀರುನೀರು. ಚರಟ ಬಿಲ್ಲೆಯಾಗದೆ ಕೆಸರಿನಂತೆ ಬೀಳುತ್ತದೆ. ಗ್ರೈಂಡರ್ ಸ್ವಚ್ಛವಾಗಲಿ ಎಂದು ಅಕ್ಕಿ ಹಾಕಿ ಬೀಸಲು ಒಬ್ಬರು ಹೇಳಿದರು. ಹಾಕಲೇ?
(ಹೊನ್ನಾವರ)

ಉತ್ತರ: ಅಕ್ಕಿ ಹಾಕಬೇಡಿ. ಹಸಿ ಅಕ್ಕಿ ಹುರಿದ ಬೀಜಕ್ಕಿಂತ ಬಹಳ ಗಟ್ಟಿ, ಮೋಟಾರಿಗೆ ಹೊರೆ. ಹಿಟ್ಟು ಒಳಗೆ ಉಳಿದು ತೇವಕ್ಕೆ ಅಂಟಾಗುತ್ತದೆ.

ನೀವು ಬರೆದ ಮೂರು ಲಕ್ಷಣಕ್ಕೂ ಕಾರಣ ಒಂದೇ: ಪುಡಿ ಸಾಕಷ್ಟು ಬೀಳುತ್ತಿಲ್ಲ. ಕಡಿಮೆ ಪುಡಿಯನ್ನು ಯಂತ್ರ ಬಿಗಿಯಾಗಿ ಒತ್ತಲಾರದು, ನೀರು ಸಲೀಸಾಗಿ ಹಾದುಹೋಗುತ್ತದೆ, ಚರಟ ಕೆಸರಾಗುತ್ತದೆ. ಪುಡಿ ಎಲ್ಲಿ ನಿಂತಿದೆ ಎಂಬುದನ್ನು ಕಿವಿಯೇ ಹೇಳುತ್ತದೆ. ಗ್ರೈಂಡರ್ ತಿರುಗುವಾಗ ಗಿರ್‍ರೆಂದು ಹಗುರ, ತೀಕ್ಷ್ಣ ಸದ್ದು ಬಂದರೆ ಬೀಜವೇ ಹಲ್ಲಿಗೆ ಇಳಿಯುತ್ತಿಲ್ಲ. ಡಬ್ಬಿಯಲ್ಲಿ ಕಮಾನು ಕಟ್ಟಿ ನಿಂತಿದೆ. ಕರಕರ ಎಂಬ ಭಾರದ ಸದ್ದು ಇದ್ದೂ ಪುಡಿ ಕಡಿಮೆಯಾದರೆ ಕೆಳಗಿನ ಕೊಳವೆ ಕಟ್ಟಿದೆ.

ಆಫ್ ಮಾಡಿ ಪ್ಲಗ್ ತೆಗೆಯಿರಿ. ಬೀಜವನ್ನೆಲ್ಲ ಚಮಚದಲ್ಲಿ ತೆಗೆದು, ಉಳಿದ ಚೂರನ್ನು ವ್ಯಾಕ್ಯೂಮ್ ಕ್ಲೀನರಿನ ಸಣ್ಣ ಮೂತಿಯಿಂದ ಎಳೆಯಿರಿ. ಡಬ್ಬಿಯ ಗೋಡೆಯ ಎಣ್ಣೆಯನ್ನು ಒಣಬಟ್ಟೆಯಲ್ಲಿ ಒರೆಸಿ, ನೀರು ತಾಗಿಸಬೇಡಿ. ಬ್ರೂ ಯೂನಿಟ್ ಹೊರತೆಗೆದು ಟಾರ್ಚ್ ಹಿಡಿದು ಒಳಗೆ ಮೇಲ್ಭಾಗ ನೋಡಿ: ಪುಡಿ ಬೀಳುವ ಕಿಂಡಿ ಕಾಣುತ್ತದೆ. ಅದು ಕಂದು ಗಾರೆಯಿಂದ ಮುಚ್ಚಿದ್ದರೆ ಚಮಚದ ಹಿಡಿಕೆಯಿಂದ ಮೆಲ್ಲಗೆ ಕೆರೆದು ಬೀಳಿಸಿ, ಒಣ ಬ್ರಷ್ ಆಡಿಸಿ. ಯೂನಿಟ್ಟಿನ ಜಾಲರಿಯನ್ನೂ ತೊಳೆದು ಒಣಗಿಸಿ, ಕ್ಲಿಕ್ ಎಂದು ಕೂರುವಂತೆ ಒಳಗಿಡಿ.

ಹೊಳಪಿಲ್ಲದ, ಗರಿಗರಿಯಾದ ಹೊಸ ಬೀಜ 50 ಗ್ರಾಂ ಹಾಕಿ ಎರಡು ಕಾಫಿ ಇಳಿಸಿ ಚೆಲ್ಲಿ. ಇನ್ನೂ ತೆಳ್ಳಗಿದ್ದರೆ ಬೀಸುವ ಅಳತೆಯನ್ನು ಒಂದೇ ಒಂದು ಹಂತ ನುಣ್ಣಗೆ ಮಾಡಿ, ಅದೂ ಗ್ರೈಂಡರ್ ತಿರುಗುತ್ತಿರುವಾಗ ಮಾತ್ರ. ನಿಂತಿರುವಾಗ ತಿರುಗಿಸಿದರೆ ನಡುವಿನ ಬೀಜಕ್ಕೆ ಹಲ್ಲು ಸಿಕ್ಕಿಕೊಳ್ಳುತ್ತದೆ. ಒಳಗೆ ಹಳೆಯ ಪುಡಿ ಉಳಿದಿರುವುದರಿಂದ ಬದಲಾವಣೆ ಮೂರನೆಯ ಕಪ್ಪಿನಲ್ಲಿ ತಿಳಿಯುತ್ತದೆ, ಅಲ್ಲಿಯವರೆಗೆ ಮತ್ತೆ ಮುಟ್ಟಬೇಡಿ. ಬಿಲ್ಲೆ ಬೆರಳಲ್ಲಿ ಎತ್ತಿದರೆ ಮುರಿಯದೆ ಬರುವಂತಾದರೆ ಸರಿಯಾಯಿತು. ಇಷ್ಟಾದರೂ ಕೆಸರೇ ಬಿದ್ದರೆ ಹಲ್ಲು ಸವೆದಿದೆ ಅಥವಾ ಕಲ್ಲು ಬಿದ್ದಿದೆ; ಎಂಟೇ ತಿಂಗಳಾದ್ದರಿಂದ ವಾರಂಟಿಯಲ್ಲಿ ಕರೆಸಿ, ನೀವೇನು ಮಾಡಿ ನೋಡಿದ್ದೀರಿ ಎಂಬುದನ್ನು ಫೋನಿನಲ್ಲೇ ಹೇಳಿಬಿಡಿ.

ಪ್ರಶ್ನೆ: ಹೋಮ್‌ಸ್ಟೇ ನಡೆಸುತ್ತೇವೆ. ಸೀಸನ್ನಿನಲ್ಲಿ ದಿನಕ್ಕೆ 40 ಕಾಫಿ ಬೇಕು. ಮನೆಯ ಯಂತ್ರ ಸಾಕೇ?
(ಗೋಕರ್ಣ)

ಉತ್ತರ: ಸಾಲದು. 1.8 ಲೀಟರಿನ ಟ್ಯಾಂಕು, ಹನ್ನೆರಡು–ಹದಿನಾಲ್ಕು ಬಿಲ್ಲೆ ಹಿಡಿಯುವ ಚರಟದ ಡಬ್ಬಿ. ತಿಂಡಿಯ ಹೊತ್ತಿನಲ್ಲಿ ಒಬ್ಬರು ಅದರ ಮುಂದೆಯೇ ನಿಂತಿರಬೇಕಾಗುತ್ತದೆ. ವಾರಂಟಿ ಪತ್ರದಲ್ಲಿ ಸಾಮಾನ್ಯವಾಗಿ 'ಮನೆ ಬಳಕೆಗೆ ಮಾತ್ರ' ಎಂದಿರುತ್ತದೆ, ಅತಿಥಿಗಳಿಗೆ ಕೊಟ್ಟದ್ದು ತಿಳಿದರೆ ರಿಪೇರಿ ನಿಮ್ಮ ತಲೆಗೇ. ಒಂದು ಗಟ್ಟಿಮುಟ್ಟಾದ ಪ್ರತ್ಯೇಕ ಗ್ರೈಂಡರ್, ಅರ್ಧ ಲೀಟರ್ ಡಿಕಾಕ್ಷನ್ ಇಳಿಸುವ ಎರಡು ಸ್ಟೀಲ್ ಫಿಲ್ಟರ್ ಇಟ್ಟುಕೊಳ್ಳಿ. ಒಂದೊಂದಕ್ಕೆ 125 ಗ್ರಾಂ ಪುಡಿ, 750 ಮಿಲಿ ಕುದಿನೀರು. ಮೊದಲನೆಯದನ್ನು ಬೆಳಿಗ್ಗೆ ಆರೂವರೆಗೆ, ಎರಡನೆಯದನ್ನು ಎಂಟಕ್ಕೆ ಹಾಕಿದರೆ ಕೊನೆಯ ಅತಿಥಿಗೂ ಆರದ ಡಿಕಾಕ್ಷನ್ ಸಿಗುತ್ತದೆ.